ಹಂಡೆ ಗುಜರಿಗೆ ಹಾಕೋ ಮೊದಲು ಒಲೆ ಒಳಗೆ ಬಗ್ಗಿ ನೋಡಿ

ನೀರು ತುಂಬುವ ಹಬ್ಬ ಹತ್ರ ಬಂತು. ಹಂಡೆಯನ್ನ ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಕಟ್ಟುವ ಊರು ನಮ್ಮದು. ಈ ಸಲ ನಮ್ಮ ಸುತ್ತಿನಲ್ಲೇ ಮೂರು ಮನೆಯವರಿಗೆ ಬಳ್ಳಿ ಕಟ್ಟೋಕೆ ಹಂಡೆ ಇಲ್ಲ. ಮಳೆ ಹಿಡಿಯೋ ಮುಂಚೆ ಗುಜರಿ ವ್ಯಾನು ಬಂದಾಗ ತೂಕಕ್ಕೆ ಹಾಕಿದ್ರು. ಬಚ್ಚಲ ಒಲೆ ಒಡೆದು ಬಿಳಿ ಟೈಲ್ಸ್ ಹಾಕಿಸಿದ್ರು, ಗೋಡೆಗೆ ಗೀಸರ್ ಸಿಕ್ಕಿಸಿದ್ರು. ಹಬ್ಬದ ದಿನ ಪ್ಲಾಸ್ಟಿಕ್ ಬಕೆಟ್ಟಿನ ಹಿಡಿಗೆ ಬಳ್ಳಿ ಕಟ್ತಾರೋ ಏನೋ, ನೋಡಬೇಕು.

ಇದನ್ನ ಓದಿ ಅವರಿಗೆ ಸಿಟ್ಟು ಬರಬಹುದು. ಬರಲಿ. ಎದುರಿಗೇ ಹೇಳಿದ್ದೇನೆ, ಇಲ್ಲೂ ಹೇಳ್ತೇನೆ.

ಯಾಕೆ ತೆಗೆದ್ರಿ ಅಂತ ಕೇಳಿದ್ರೆ ಮೂರೂ ಮನೆಯಲ್ಲಿ ಒಂದೇ ಉತ್ತರ. ಹೊಗೆ, ಸೌದೆ, ಮಸಿ. ಮೂರೂ ಸತ್ಯ. ಆದ್ರೆ ಮಾರಾಯ್ರೆ, ಹಂಡೆ ಎಂತ ಮಾಡಿತು? ಅದು ನೀರು ತುಂಬಿಕೊಂಡು ಸುಮ್ಮನೆ ಕೂತಿತ್ತು. ಹೊಗೆ ಉಗುಳಿದ್ದು, ಸೌದೆ ನುಂಗಿದ್ದು ಒಲೆ. ಆ ಒಲೆ ಕಟ್ಟಿಸಿದ್ದು ಮನೆ ಯಜಮಾನ. ಐವತ್ತು ವರ್ಷ ಅದರ ಮುಂದೆ ಕೂತು ಊದಿದ್ದು ಅವನ ಅಮ್ಮ, ಆಮೇಲೆ ಅವನ ಹೆಂಡತಿ. ಈಗ ಸೊಸೆ ಬಂದು "ನನ್ನಿಂದ ಆಗಲ್ಲ" ಅಂದ ಮೇಲೆ ಯಜಮಾನನಿಗೆ ಜ್ಞಾನ ಬಂದು, ಒಲೆ ಸರಿ ಮಾಡೋ ಬದಲು ತಾಮ್ರ ಮಾರಿಬಿಟ್ಟ. ಸೊಸೆ ಹೇಳಿದ್ದರಲ್ಲಿ ತಪ್ಪಿಲ್ಲ. ಸೋಮಾರಿತನ ಅಂತ ಅವಳನ್ನ ಆಡಿಕೊಳ್ಳೋ ಹಿರಿಯರಿದ್ದಾರಲ್ಲ, ಅವರು ಒಂದು ವಾರ ಬೆಳಿಗ್ಗೆ ಐದು ಗಂಟೆಗೆ ಎದ್ದು ಆಷಾಢದ ಹಸಿ ಕಟ್ಟಿಗೆ ಹೊತ್ತಿಸಲಿ. ಆಮೇಲೆ ಮಾತಾಡೋಣ.

ನಮ್ಮ ಕಡೆಯ ಹಳೇ ಬಚ್ಚಲ ಒಲೆ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಬಾಯಿ ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಒಂದಿಡೀ ಕುಂಟೆಯನ್ನ ಒಳಗೆ ತಳ್ಳಬಹುದು, ಸೀಳುವ ಕೆಲಸ ಉಳಿಯುತ್ತೆ ಅಂತ ಹಾಗೆ ಮಾಡಿದ್ದು. ಕೆಳಗೆ ಜಾಲರಿ ಇಲ್ಲ, ಬೂದಿ ಮೇಲೇ ಬೆಂಕಿ, ಗಾಳಿ ಕೆಳಗಿಂದ ಬರೋ ದಾರಿಯೇ ಇಲ್ಲ. ಬೆಂಕಿಗೂ ಹಂಡೆ ತಳಕ್ಕೂ ಎರಡಡಿ ಅಂತರ. ಹಂಡೆ ಸುತ್ತ ಕೈ ಹೋಗುವಷ್ಟು ಸಂದು. ಹೊಗೆಗೆ ಕೊಳವೆ ಇಲ್ಲ, ಹಂಚಿನ ಸಂದಿಯಲ್ಲಿ ಹೋದಷ್ಟು ಹೋಯ್ತು, ಉಳಿದದ್ದು ಕಣ್ಣಿಗೆ. ಶಾಖದ ಬಹುಪಾಲು ಬಾಯಿಂದ ವಾಪಸ್ ಬಂದು ಊದುವವರ ಮುಖ ಸುಡುತ್ತೆ.

ಅದೇ ಯಜಮಾನರ ಅಂಗಳದಲ್ಲಿ ಅಡಿಕೆ ಬೇಯಿಸೋ ಒಲೆ ನೋಡಿ. ಅದಕ್ಕೆ ಕಬ್ಬಿಣದ ಜಾಲರಿ, ಹದಿನೈದಡಿ ಎತ್ತರದ ಹೊಗೆ ಕೊಳವೆ, ಬಾಯಿಗೆ ತಗಡಿನ ಬಾಗಿಲು ಎಲ್ಲ ಇದೆ. ಯಾಕಂದ್ರೆ ಅಲ್ಲಿ ಸಂಬಳ ತಗೊಳ್ಳೋ ಆಳು ನಿಂತಿರ್ತಾನೆ, ತಡ ಆದ್ರೆ ದುಡ್ಡು ಹೋಗುತ್ತೆ. ಬೆಂದ ಅಡಿಕೆಗೆ ಮಂಡಿಯಲ್ಲಿ ರೇಟಿದೆ. ಬಚ್ಚಲ ನೀರಿಗೆ ರೇಟಿಲ್ಲ, ಅಲ್ಲಿ ಕೂರೋರಿಗೆ ಸಂಬಳವೂ ಇಲ್ಲ. ವಿದ್ಯೆ ಮನೆ ಅಂಗಳದಲ್ಲೇ ಇತ್ತು, ಹತ್ತು ಮಾರು ದೂರದ ಬಚ್ಚಲಿಗೆ ಅದನ್ನ ತರಲಿಲ್ಲ ಅಷ್ಟೇ.

ಲೆಕ್ಕಕ್ಕೆ ಬರೋಣ. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಏರಿಸೋಕೆ ಒಂದು ಕಿಲೋ ಕ್ಯಾಲೊರಿ ಶಾಖ ಬೇಕು, ಎಸ್ಸೆಸ್ಸೆಲ್ಸಿವರೆಗೆ ಓದಿದವರು ಇದನ್ನ ಓದಿರ್ತಾರೆ. 100 ಲೀಟರಿನ ಹಂಡೆಯನ್ನ 20 ಡಿಗ್ರಿಯಿಂದ 80 ಡಿಗ್ರಿಗೆ ಏರಿಸೋಕೆ 6,000 ಕಿಲೋ ಕ್ಯಾಲೊರಿ. ಒಣಗಿದ ಸೌದೆ ಒಂದು ಕೆ.ಜಿ.ಗೆ ಅಂದಾಜು 3,500 ಕೊಡುತ್ತೆ. ಪೂರ್ತಿ ಶಾಖ ನೀರಿಗೇ ಹೋದ್ರೆ 2 ಕೆ.ಜಿ. ಒಳಗೇ ಹಂಡೆ ಕಾಯಬೇಕು. ನಮ್ಮ ಮನೆಯ ಹಳೇ ಒಲೆಗೆ ಎಷ್ಟು ಬೇಕಿತ್ತು ಅಂತ ಅಡಿಕೆ ತೂಗೋ ತಕ್ಕಡಿಯಲ್ಲಿ ತೂಗಿ ನೋಡಿದ್ದೆ. 13 ರಿಂದ 14 ಕೆ.ಜಿ. ಅಂದ್ರೆ ಎಂಟು ಭಾಗದಲ್ಲಿ ಒಂದು ಭಾಗ ನೀರಿಗೆ, ಏಳು ಭಾಗ ಗಾಳಿಗೆ. ಒಲೆ ಬದಲಿಸಿದ ಮೇಲೆ ಅದೇ ಹಂಡೆ, ಅಷ್ಟೇ ನೀರು, 5 ರಿಂದ 6 ಕೆ.ಜಿ. ದಿನಕ್ಕೆ 8 ಕೆ.ಜಿ. ಉಳಿದ್ರೆ ವರ್ಷಕ್ಕೆ ಹತ್ತಿರ ಹತ್ತಿರ 3 ಟನ್ ಸೌದೆ. ಅಷ್ಟನ್ನ ಯಾರು ಕಡಿತಿದ್ರು, ಯಾರು ಹೊರ್ತಿದ್ರು, ಎಲ್ಲಿಂದ ತರ್ತಿದ್ರು ಯೋಚನೆ ಮಾಡಿ.

ಎಲ್ಲಿಂದ ಅಂದ್ರೆ ಕಾನಿನಿಂದ. ಮಳೆಗಾಲಕ್ಕೆ ಸೌದೆ ಕೂಡಿಡೋಕೆ ನಾವು ಕಾಡಿಗೆ ಹೋಗೋದು ಜನವರಿಯಿಂದ ಮೇ ಒಳಗೆ. ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಕಂಡ ಕಾಯಿಲೆ ಇವತ್ತಿಗೂ ಬಿಟ್ಟು ಹೋಗಿಲ್ಲ. 2019ರ ಆ ಬೇಸಿಗೆಯಲ್ಲಿ ಸಾಗರ ತಾಲೂಕಿನ ಅರಳಗೋಡಿನವರು ಪಟ್ಟ ಪಾಡು ನಮಗೆಲ್ಲ ನೆನಪಿದೆ. ಉಣುಗು ಕಚ್ಚೋದು ದರಗಿನಲ್ಲಿ ಓಡಾಡುವವರಿಗೆ, ಸೌದೆ ಹೊರೆ ತಲೆ ಮೇಲೆ ಇಟ್ಟುಕೊಂಡವರಿಗೆ. ಆರೋಗ್ಯ ಇಲಾಖೆಯವರು ಎಣ್ಣೆ ಕೊಟ್ಟು ಹಚ್ಚಿಕೊಂಡು ಹೋಗಿ ಅಂತಾರೆ. ಸರಿಯೇ. ಆದ್ರೆ ಕಾಡಿಗೆ ಹತ್ತು ಸಲ ಹೋಗೋದು ಮೂರು ಸಲಕ್ಕೆ ಇಳಿದ್ರೆ ಅದೂ ಒಂದು ಔಷಧವೇ. ತೋಟ ಇದ್ದವರಿಗೆ ಆ ಮೂರು ಸಲವೂ ಬೇಡ, ಅದನ್ನ ಮುಂದೆ ಹೇಳ್ತೇನೆ.

"ಅದಕ್ಕೇ ಅಲ್ವಾ ಗೀಸರ್ ಹಾಕಿದ್ದು" ಅಂತೀರಿ. ಗೀಸರ್ ಲೆಕ್ಕವೂ ನೋಡೋಣ. ಅದೇ 6,000 ಕಿಲೋ ಕ್ಯಾಲೊರಿಗೆ ಕರೆಂಟಿನಲ್ಲಿ 7 ಯುನಿಟ್. ಐದು ಜನರ ಮನೆ, ಬಕೆಟ್ ಎಣಿಸಿ ಮಿಂದರೂ ದಿನಕ್ಕೆ 4-5 ಯುನಿಟ್ ಬೇಕೇ ಬೇಕು. ತಿಂಗಳಿಗೆ 120 ರಿಂದ 150. ಗೃಹಜ್ಯೋತಿ ಇದೆ, ಪುಕ್ಕಟೆ ಅನ್ನುವವರು ಬಿಲ್ಲನ್ನ ಸರಿಯಾಗಿ ಓದಿಲ್ಲ. ಪುಕ್ಕಟೆ ಇರೋದು ನೀವು ಹಿಂದೆ ಬಳಸ್ತಿದ್ದ ಸರಾಸರಿಯ ಮೇಲೆ ಚೂರು ಸೇರಿಸಿ. 200 ದಾಟಿದ್ರೆ ಇಡೀ ಬಿಲ್ಲು ನಿಮ್ಮ ತಲೆಗೆ. ಹಂಡೆ ಇದ್ದಾಗಿನ ಸರಾಸರಿಯಲ್ಲಿ ಗೀಸರ್ ಎಲ್ಲಿತ್ತು?

ಇನ್ನು ನಮ್ಮ ಲೈನಿನ ಕಥೆ. ಟಿಸಿಯಿಂದ ಕೊನೇ ಮನೆಗೆ ಬರೋ ಹೊತ್ತಿಗೆ 170 ವೋಲ್ಟ್ ಇದ್ರೆ ಪುಣ್ಯ. ಕಾಯಿಲ್ ಕೊಡೋ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ. 230ಕ್ಕೆ 3,000 ವ್ಯಾಟ್ ಅಂತ ಬರೆದ ಗೀಸರ್ 170ರಲ್ಲಿ ಕೊಡೋದು 1,640 ವ್ಯಾಟ್. ಅರ್ಧಕ್ಕಿಂತ ಚೂರು ಮೇಲೆ. ಅಂಗಡಿಯವನು ಇದನ್ನ ಹೇಳಲ್ಲ, ಅವನ ಅಂಗಡಿ ಪೇಟೆಯಲ್ಲಿದೆ, ಅಲ್ಲಿ ವೋಲ್ಟೇಜ್ ಚೆನ್ನಾಗಿರುತ್ತೆ. ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೇ ಇದ್ದಾಗ, ಗೀಸರ್ ಮನೆಯವರು ಅಡುಗೆ ಗ್ಯಾಸಿನ ಮೇಲೆ ಪಾತ್ರೆ ಇಟ್ಟು ಚೊಂಬು ಲೆಕ್ಕದಲ್ಲಿ ಮೀಯ್ತಿದ್ರು. ತೋಟದಿಂದ ಕೆಸರು ಮೆತ್ತಿಕೊಂಡು ಬಂದವನಿಗೆ ಎರಡು ಚೊಂಬು ಬಿಸಿನೀರು!

ಸೋಲಾರ್ ಒಳ್ಳೇದೇ, ಬಯಲುಸೀಮೆಗೆ. ನಮ್ಮಲ್ಲಿ ಎಂಟು ತಿಂಗಳು ಒಳ್ಳೇದು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತೆ. ಬಿಸಿನೀರು ಅತೀ ಬೇಕಾದ ನಾಲ್ಕು ತಿಂಗಳಲ್ಲೇ ಸೂರ್ಯ ರಜೆ ಹಾಕಿರ್ತಾನೆ. ಆಗ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್ ಹಾಕಬೇಕು, ಅಂದ್ರೆ ಮಾಡಿನ ಮೇಲೆ ಹತ್ತಿಸಿದ ಗೀಸರ್ ಅದು. ಬೇಸಿಗೆಗೆ ಸೋಲಾರ್, ಮಳೆಗಾಲಕ್ಕೆ ಹಂಡೆ ಅಂತ ಎರಡನ್ನೂ ಇಟ್ಟುಕೊಂಡವರ ಜೊತೆ ನನ್ನ ಜಗಳ ಇಲ್ಲ.

ಗ್ಯಾಸ್ ಗೀಸರ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳ್ತೇನೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದನ್ನ ಹಾಕಬೇಡಿ. ಗಾಳಿ ಸಾಲದೇ ಹೋದ್ರೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ತಿರುಗಿ ಬಿದ್ದವರಿಗೆ ಬಾಗಿಲ ಚಿಲಕ ತೆಗೆಯೋ ಶಕ್ತಿಯೂ ಇರಲ್ಲ. ಹಾಕೋದೇ ಆದ್ರೆ ಹೊರಗಿನ ಗೋಡೆಗೆ ಹಾಕಿ, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಕೊಳವೆ ಇಲ್ಲದ ಒಲೆಯಲ್ಲಿ ಕೆಂಡ ಬಿಟ್ಟು ಬಚ್ಚಲ ಬಾಗಿಲು ಹಾಕಿಕೊಂಡರೂ ಇದೇ ಅಪಾಯ. ಹಂಡೆ ಕಡೆಯವನು ಅಂತ ಅದನ್ನ ಮುಚ್ಚಿಡಲ್ಲ.

ಹಾಗಾದ್ರೆ ಒಲೆ ಹೇಗಿರಬೇಕು? ಇದರಲ್ಲಿ ನನ್ನ ಸಂಶೋಧನೆ ಏನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಅಂತಲೇ 'ಅಸ್ತ್ರ' ಕೇಂದ್ರ ಶುರು ಮಾಡಿದ್ರು, ಅಲ್ಲಿಂದ ಬಂದ ಅಸ್ತ್ರ ಒಲೆ ಹಲವರ ಅಡುಗೆಮನೆಯಲ್ಲಿ ಇತ್ತು. ತತ್ವ ಅದೇ. ಗಾಳಿ ಕೆಳಗಿಂದ ಬರಬೇಕು, ಬೆಂಕಿ ತಳದ ಹತ್ರ ಇರಬೇಕು, ಬಿಸಿಗಾಳಿ ಪಾತ್ರೆಯನ್ನ ಉಜ್ಜಿಕೊಂಡು ಹೋಗಬೇಕು, ಹೊಗೆ ಮಾಡಿನ ಮೇಲೆ ಹೋಗಬೇಕು.

ನಮ್ಮ ಮನೆ ಹಂಡೆಯ ಹೊಟ್ಟೆ ಎರಡಡಿ ಅಗಲ. ಒಲೆಯ ಗುಂಡು ಗೋಡೆಯ ಒಳ ಅಳತೆ ಎರಡಡಿ ಮೂರಿಂಚು. ಒಳಸುತ್ತಿಗೆ ಸುಟ್ಟ ಇಟ್ಟಿಗೆ, ಹೊರಸುತ್ತಿಗೆ ಜಂಬಿಟ್ಟಿಗೆ, ಮಧ್ಯೆ ಮೂರಿಂಚು ಖಾಲಿ ಬಿಟ್ಟು ಜರಡಿ ಹಿಡಿದ ಒಣ ಬೂದಿ ತುಂಬಿಸಿದ್ದು. ಬೂದಿಯಷ್ಟು ಚೆನ್ನಾಗಿ ಶಾಖ ತಡೆಯೋ ವಸ್ತು ದುಡ್ಡು ಕೊಡದೇ ಬೇರೆ ಸಿಗಲ್ಲ. ಒಳಗೆ ಸಿಮೆಂಟ್ ಬೇಡ, ಬೆಂಕಿಗೆ ಸೀಳುತ್ತೆ. ಹುತ್ತದ ಮಣ್ಣು, ಬೂದಿ, ಭತ್ತದ ಹೊಟ್ಟು, ಸಗಣಿ ಕಲಸಿ ಎರಡು ದಿನ ಕೊಳೆಯಿಸಿ ಮೆತ್ತಿ.

ನೆಲದಿಂದ ಆರಿಂಚು ಮೇಲೆ ಜಾಲರಿ. ಅರ್ಧ ಇಂಚು ದಪ್ಪದ ಸರಳು, ಸರಳಿಗೂ ಸರಳಿಗೂ ಅರ್ಧ ಇಂಚು ಸಂದು, ವೆಲ್ಡಿಂಗ್ ಅಂಗಡಿಯವನಿಗೆ ಅರ್ಧ ಗಂಟೆ ಕೆಲಸ. ಜಾಲರಿಯಿಂದ ಹಂಡೆ ತಳಕ್ಕೆ ಒಂಬತ್ತರಿಂದ ಹತ್ತಿಂಚು, ಅದಕ್ಕಿಂತ ಹೆಚ್ಚು ಬೇಡ. ಹಂಡೆ ಕೂರೋದು ಮೂರು ಇಟ್ಟಿಗೆ ತುಂಡಿನ ಮೇಲೆ, ಅವು ಗಟ್ಟಿ ಇರಲಿ, ನೀರು ಸೇರಿ 100 ಕೆ.ಜಿ. ಮೇಲೆ ಭಾರ. ಸೌದೆ ಹಾಕೋ ಬಾಯಿ ಎಂಟಿಂಚು ಚೌಕ, ಅದಕ್ಕೆ ತಗಡಿನ ಬಾಗಿಲು. "ಇಷ್ಟು ಸಣ್ಣ ಬಾಯಿಗೆ ಸೌದೆ ಸೀಳಬೇಕಲ್ಲ" ಅಂತ ಗೊಣಗ್ತಾರೆ. ಹೌದು, ಸೀಳಬೇಕು. ಯಜಮಾನನೇ ಸೀಳಬೇಕು.

ಬಾಯಿ ಬಚ್ಚಲ ಹೊರಗೋಡೆಯಲ್ಲಿ, ಸೂರಿನ ಕೆಳಗೆ ಇರಲಿ. ಮೀಯೋರು ಒಳಗೆ, ಬೆಂಕಿ ಹೊರಗೆ. ಹೊಗೆ ಹೋಗೋ ತೂತು ಬಾಯಿಗೆ ಸರಿಯಾಗಿ ಎದುರು, ಹಂಡೆ ಕೊರಳಿನ ಕೆಳಗೆ. ಇಲ್ಲೊಂದು ಸೂಕ್ಷ್ಮ ಇದೆ, ಗಾರೆಯವರು ತಪ್ಪಿಸ್ತಾರೆ. ಹಂಡೆಯನ್ನ ಗುಂಡಿಯ ನಟ್ಟ ನಡುವೆ ಕೂರಿಸಿದ್ರೆ ಬೆಂಕಿಯೆಲ್ಲ ಹತ್ತಿರದ ದಾರಿಯಲ್ಲಿ ಕೊಳವೆಗೆ ಓಡುತ್ತೆ, ಹಂಡೆಯ ಮುಂದಿನ ಅರ್ಧ ತಣ್ಣಗಿರುತ್ತೆ. ಹಂಡೆಯನ್ನ ಕೊಳವೆ ಕಡೆಗೆ ಚೂರು ಸರಿಸಿ. ಬಾಯಿ ಕಡೆ ಎರಡಿಂಚು ಸಂದು, ಕೊಳವೆ ಕಡೆ ಒಂದಿಂಚು. ಆಗ ಬಿಸಿಗಾಳಿ ಸುತ್ತು ಹಾಕಿಯೇ ಹೋಗಬೇಕು. ಕೊರಳಿನ ಸುತ್ತ ಮಣ್ಣು ಮೆತ್ತಿ ಮುಚ್ಚಿ, ಒಂದು ಎಳೆ ಹೊಗೆಯೂ ಬಚ್ಚಲೊಳಗೆ ಬರಬಾರದು.

ಕೊಳವೆಗೆ ನಾಲ್ಕಿಂಚಿನ ಸಿಮೆಂಟ್ ಪೈಪು, ಮಾಡಿನಿಂದ ಮೂರಡಿ ಮೇಲೆ, ತಲೆಗೊಂದು ಟೊಪ್ಪಿ. ಕೊಯ್ಯುವಾಗ ನೀರು ಸುರಿದು ಕೊಯ್ಯಿರಿ, ಆ ಪೈಪಿನ ಧೂಳು ಎದೆಗೆ ಕೆಟ್ಟದ್ದು. ಪಿವಿಸಿ ಪೈಪ್ ಹಾಕಿದ ಮಹಾನುಭಾವರೂ ನಮ್ಮಲ್ಲಿದ್ದಾರೆ, ಎರಡೇ ದಿನಕ್ಕೆ ಅದು ಆನೆ ಸೊಂಡಿಲಿನ ಹಾಗೆ ಬಗ್ಗಿತು. ಕೊಳವೆಯಲ್ಲಿ ಒಂದು ಜಾರೋ ತಗಡು ಇಟ್ಟರೆ ಬೆಂಕಿ ಆರಿದ ಮೇಲೆ ಮುಚ್ಚಬಹುದು, ನೀರು ಸಂಜೆವರೆಗೂ ಬಿಸಿ ಇರುತ್ತೆ. ಕೆಂಡ ಪೂರ್ತಿ ಬೂದಿಯಾದ ಮೇಲೆ ಮಾತ್ರ ಮುಚ್ಚಿ. ಹಂಡೆ ಬಾಯಿಗೆ ಹಲಸಿನ ಹಲಗೆಯ ಮುಚ್ಚಳ ಇರಲಿ. ಇಷ್ಟಕ್ಕೆ ಮೂರು ದಿನದ ಗಾರೆ ಕೆಲಸ. ಖರ್ಚು ಒಂದು ಸಾಧಾರಣ ಗೀಸರಿನ ಅರ್ಧ.

ಈಗ ತೊಟ್ಟಿ ವಿಷಯ. ಕೊಯ್ಲಿನ ಕಾಲದಲ್ಲಿ ದಿನವಿಡೀ ಬಗ್ಗಿ ಅಡಿಕೆ ಹೆಕ್ಕಿದವರ, ಸುಲಿದವರ ಸೊಂಟ ಏನಾಗಿರುತ್ತೆ ಅಂತ ಹೇಳಬೇಕಾಗಿಲ್ಲ. ಚೊಂಬಿನಲ್ಲಿ ಹೊಯ್ಕೊಂಡ ನೀರು ಚರ್ಮಕ್ಕೆ ಬಿಸಿ ಕೊಟ್ಟು ಹರಿದು ಹೋಗುತ್ತೆ. ಕೂತ್ಕೊಂಡರೆ ಮೂಳೆಗೆ ಇಳಿಯುತ್ತೆ. ಹಂಡೆ ಪಕ್ಕ ಮೂರೂವರೆ ಅಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಇಟ್ಟಿಗೆ ತೊಟ್ಟಿ ಕಟ್ಟಿಸಿದ್ದೇನೆ. ಒಳಗೆ ನುಣ್ಣಗೆ ಸಿಮೆಂಟ್ ಗಾರೆ, ಮೂಲೆಗಳು ಗುಂಡಗೆ, ತಳ ತೂತಿನ ಕಡೆ ಚೂರು ಇಳಿಜಾರು, ಹತ್ತಿಳಿಯೋಕೆ ಒಂದು ಮೆಟ್ಟಿಲು, ಹಿಡಿದುಕೊಳ್ಳೋಕೆ ಗೋಡೆಗೆ ಒಂದು ಸರಳು. ಹದಿನೈದಿಂಚು ತುಂಬಿದ್ರೆ 250 ಲೀಟರ್. 80 ಡಿಗ್ರಿಯ ಒಂದು ಹಂಡೆ ನೀರಿಗೆ 150 ಲೀಟರ್ ತಣ್ಣೀರು ಸೇರಿದ್ರೆ 44 ಡಿಗ್ರಿ ಬರುತ್ತೆ, ಸಿಮೆಂಟು ಎರಡು ಮೂರು ಡಿಗ್ರಿ ಕುಡೀತದೆ. ಕೂರೋಕೆ 40 ಸಾಕು, ಅದಕ್ಕಿಂತ ಮೇಲೆ ಬೇಡ, ಹದಿನೈದು ನಿಮಿಷ ಸಾಕು. ಬಿ.ಪಿ., ಹೃದಯದ ತೊಂದರೆ ಇದ್ದವರು ಡಾಕ್ಟರ್ ಕೇಳದೇ ಇಳಿಯಬೇಡಿ. ಬಸುರಿಯರಿಗೂ ಬೇಡ. ಕುಡಿದವರು ಅತ್ತ ತಲೆಯೇ ಹಾಕಬಾರದು. ತೊಟ್ಟಿಗೆ ಮೊದಲು ತಣ್ಣೀರು ಬಿಡಿ, ಆಮೇಲೆ ಬಿಸಿ. ಮಕ್ಕಳಿರೋ ಮನೆಯಲ್ಲಿ ಇದೊಂದು ನಿಯಮ ಮುರಿಯಬೇಡಿ.

ತೊಟ್ಟಿ ದಿನ ಎರಡನೇ ಹಂಡೆ ಕಾಯಿಸಬೇಕಾಗುತ್ತೆ, ಅದು ನಿಜ. ನಮ್ಮಲ್ಲಿ ವಾರಕ್ಕೊಮ್ಮೆ, ಎಣ್ಣೆ ಹಚ್ಚಿಕೊಳ್ಳೋ ಶನಿವಾರ. ಎರಡು ಹಂಡೆಗೂ ಸೇರಿ ಹಳೇ ಒಲೆಯ ಒಂದು ಹಂಡೆಗಿಂತ ಕಡಿಮೆಯೇ ಸೌದೆ. ನೀರು ಅವತ್ತೇ ತೋಟಕ್ಕೆ ಬಿಡಬೇಕು. ನಾಳೆಗೆ ಇಟ್ಟರೆ ಲೋಳೆ ಹಿಡಿಯುತ್ತೆ, ನಿಲ್ಲಿಸಿದ್ರೆ ಡೆಂಗೆ ಸೊಳ್ಳೆ ಮೊಟ್ಟೆ ಇಡುತ್ತೆ. ತಿಂಗಳಿಗೊಮ್ಮೆ ಸುಣ್ಣ ಬಳಿದು ಒಂದು ದಿನ ಬಿಟ್ಟು ತೊಳೆದ್ರೆ ಮುಗೀತು.

ಇದನ್ನ ನೋಡಿ ನಗೋ ಹುಡುಗರು ಘಾಟಿ ಹತ್ತಿರದ ಹೋಂಸ್ಟೇಗಳಿಗೆ ಹೋಗಿ ನೋಡಿ ಬರಲಿ. ಇದನ್ನೇ ಹಾಟ್ ಟಬ್ ಅಂತ ಕರೆದು ರಾತ್ರಿಗಿಷ್ಟು ಅಂತ ಹೆಚ್ಚಿಗೆ ತಗೊಳ್ತಾರೆ. ಅದೇ ಹೋಂಸ್ಟೇಯ ಜಗಲಿಯಲ್ಲಿ ತಾಮ್ರದ ಹಂಡೆ ಇಟ್ಟು, ನೀರು ತುಂಬಿ, ಮೇಲೆ ಚೆಂಡುಹೂ ತೇಲಿಸಿರ್ತಾರೆ. ಎಲ್ಲಿಂದ ಬಂತು ಆ ಹಂಡೆ? ನಮ್ಮ ನಿಮ್ಮ ಬಚ್ಚಲಿಂದ, ಗುಜರಿಯವನ ಕೈಯಿಂದ. ತೂಕಕ್ಕೆ ಹೋದದ್ದು ಅಲ್ಲಿ ಕಲೆಯ ರೇಟಿಗೆ ಕೂತಿದೆ.

ತಾಮ್ರದ್ದೇ ಯಾಕೆ ಅಂತ ಕೇಳ್ತಾರೆ. ಬೇಗ ಕಾಯುತ್ತೆ ಅನ್ನೋದು ಅರ್ಧ ಸತ್ಯ. ಲೋಹ ತೆಳ್ಳಗಿದ್ರೆ ತಾಮ್ರಕ್ಕೂ ಸ್ಟೀಲಿಗೂ ಒಲೆ ಮೇಲೆ ಅಷ್ಟೇನೂ ವ್ಯತ್ಯಾಸ ಕಾಣಲ್ಲ, ತಳಕ್ಕೆ ಹಿಡಿದ ಮಸಿ ಮಾಡುವಷ್ಟು ನಷ್ಟ ಬೇರೆ ಯಾವುದೂ ಮಾಡಲ್ಲ. ತಾಮ್ರ ಯಾಕೆ ಅಂದ್ರೆ ಅಜ್ಜನ ಕಾಲದ್ದು ಮೊಮ್ಮಗನ ಕಾಲಕ್ಕೂ ಬರುತ್ತೆ, ತೂತು ಬಿದ್ದರೆ ಬೆಸುಗೆ ಹಾಕಬಹುದು. ನೀರಿಲ್ಲದ ಹಂಡೆಗೆ ಮಾತ್ರ ಬೆಂಕಿ ಹಾಕಬೇಡಿ, ಬೆಸುಗೆ ಬಿಡುತ್ತೆ. ಕೊರಳಿನ ಮಣ್ಣು ಬಿಡಿಸಿ ಎರಡು ತಿಂಗಳಿಗೊಮ್ಮೆ ತಳದ ಮಸಿ ಕೆರೆಯಿರಿ. ಕೊಳವೆಯನ್ನ ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಗೆ ಒಮ್ಮೆ ತೆಂಗಿನ ಮಟ್ಟೆಯನ್ನ ಹಗ್ಗಕ್ಕೆ ಕಟ್ಟಿ ಇಳಿಸಿ ಉಜ್ಜಬೇಕು. ಕೊಳವೆ ಕಟ್ಟಿಕೊಂಡೇ ಎಷ್ಟೋ ಒಳ್ಳೇ ಒಲೆಗಳು ಕೆಟ್ಟ ಹೆಸರು ತಗೊಂಡಿವೆ.

ಇನ್ನು ಒಲೆಗೆ ಏನು ಹಾಕ್ತೀರಿ ಅನ್ನೋದು. ಇಲ್ಲಿ ಹಂಡೆ ಇಟ್ಟುಕೊಂಡವರಿಗೂ ಬೈಗುಳ ಇದೆ. ಬಚ್ಚಲ ಒಲೆ ಅಂದ್ರೆ ಮನೆಯ ಕಸದ ಬುಟ್ಟಿ ಅಂತ ತಿಳಿದವರು ಬಹಳ. ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿ, ಹರಿದ ಚಪ್ಪಲಿ, ಕಳೆನಾಶಕದ ಕ್ಯಾನು, ಎಲ್ಲ ಅದಕ್ಕೇ. ಆ ಹೊಗೆ ಎಲ್ಲಿಗೆ ಹೋಗುತ್ತೆ? ಆ ಬೂದಿಯನ್ನ ನೀವೇ ಬಸಳೆ ಬುಡಕ್ಕೆ ಹಾಕ್ತೀರಿ, ನಿಮ್ಮ ಮನೆಯವರೇ ಪಾತ್ರೆ ತಿಕ್ಕೋಕೆ ತಗೊಳ್ತಾರೆ. ಗೀಸರ್ ಹಾಕಿದವರಿಗಿಂತ ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ಸಂಪ್ರದಾಯದ ಹೆಸರು ಹೇಳಿ ವಿಷ ಸುಡೋದು ಯಾವ ಹಬ್ಬದಲ್ಲಿ ಬರೆದಿದೆ?

ಒಲೆಗೆ ಬೇಕಾದದ್ದು ತೋಟದಲ್ಲೇ ಬಿದ್ದಿದೆ. ಒಂಬತ್ತಡಿ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ. ಮರಕ್ಕೆ ವರ್ಷಕ್ಕೆ ಐದಾರು ಸೋಗೆ. ಸೋಗೆಯ ಎಲೆ ತೋಟದ ಮುಚ್ಚಿಗೆಗೆ ಇರಲಿ, ಹಾಳೆ ದನಕ್ಕೋ ತಟ್ಟೆಗೋ ಹೋದದ್ದು ಹೋಗಲಿ, ದಂಟು ಒಣಗಿಸಿ. ಸತ್ತ ಮರದ ದಬ್ಬೆ, ತೆಂಗಿನ ಮಟ್ಟೆ, ಕರಟ, ಕಾಫಿ ಇದ್ದವರಿಗೆ ನೆರಳು ಮರ ಸವರಿದ ಕೊಂಬೆ. ಎಲ್ಲಕ್ಕಿಂತ ಹೆಚ್ಚು, ಅಡಿಕೆ ಸಿಪ್ಪೆ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಅದನ್ನ ಎಂತ ಮಾಡ್ತೀರಿ? ಚೇಣಿಯವರು ರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ರಸ್ತೆ ಬದಿ ಸುರೀತಾರೆ, ಯಾರೋ ಬೀಡಿ ಎಸೀತಾರೆ, ಅದು ತಿಂಗಳುಗಟ್ಟಲೆ ಹೊಗೆಯಾಡುತ್ತೆ. ಬೆಳಿಗ್ಗೆ ಶಾಲೆಗೆ ಹೋಗೋ ಮಕ್ಕಳು ಕೆಮ್ಮುತ್ತಾ ಅದರೊಳಗೇ ಹೋಗ್ತಾರೆ. ಒಂದು ಕಡೆ ಸುಮ್ಮನೆ ಸುಟ್ಟು ಹೋಗೋ ಸಿಪ್ಪೆ, ಇನ್ನೊಂದು ಕಡೆ ನೀರು ಕಾಯಿಸೋಕೆ ಕರೆಂಟು. ಎರಡೂ ಒಂದೇ ಊರಿನಲ್ಲಿ.

ಸಿಪ್ಪೆ ತೋಟಕ್ಕೆ ಗೊಬ್ಬರ ಆಗಬೇಕು, ಸುಡಬಾರದು ಅನ್ನೋ ಸಾವಯವ ಗೆಳೆಯರಿಗೂ ಉತ್ತರ ಇದೆ. ಗೊಬ್ಬರ ಮಾಡಿ, ಬೇಡ ಅನ್ನಲ್ಲ, ಆದ್ರೆ ನಾರು ಕೊಳೆಯೋಕೆ ವರ್ಷ ಹಿಡಿಯುತ್ತೆ, ಅಷ್ಟು ರಾಶಿಗೆ ಎಲ್ಲರ ಹತ್ರ ಜಾಗ ಇಲ್ಲ. ಒಲೆಗೆ ಬೇಕಾಗೋದು ಅದರಲ್ಲಿ ಒಂದು ಪಾಲು ಮಾತ್ರ. ಬೂದಿ ವಾಪಸ್ ತೋಟಕ್ಕೇ ಹೋಗುತ್ತೆ, ಪೊಟ್ಯಾಷ್ ಅದರಲ್ಲೇ ಉಳಿದಿರುತ್ತೆ. ಬೂದಿಯನ್ನ ಯೂರಿಯಾ ಜೊತೆ ಬೆರೆಸಿ ಹಾಕಬೇಡಿ, ಸಾರಜನಕ ಹಾರಿ ಹೋಗುತ್ತೆ. ಹದಿನೈದು ದಿನದ ಅಂತರ ಇರಲಿ.

ಸಿಪ್ಪೆಯನ್ನ ಮಾತ್ರ ಚೆನ್ನಾಗಿ ಒಣಗಿಸಿ ಮಳೆ ತಾಗದ ಹಾಗೆ ಕೊಟ್ಟಿಗೆಯಲ್ಲಿ ತುಂಬಿಡಬೇಕು. ಹಸಿ ಸಿಪ್ಪೆ ಯಾವ ಒಲೆಯಲ್ಲೂ ಹೊಗೆಯೇ. ಮೊದಲು ನಾಲ್ಕು ಸೀಳು ಸೌದೆ ಹೊತ್ತಿಸಿ, ಜಾಲರಿ ಮೇಲೆ ಕೆಂಡ ಆದ ಮೇಲೆ ಸಿಪ್ಪೆಯನ್ನ ಸ್ವಲ್ಪ ಸ್ವಲ್ಪ ಹಾಕಿ, ಒಂದೇ ಸಲ ತುಂಬಿದ್ರೆ ಗಾಳಿ ಕಟ್ಟುತ್ತೆ.

ಹಬ್ಬಕ್ಕೆ ಇನ್ನೂ ಮೂರು ವಾರ ಇದೆ, ಒಲೆಗೆ ಮೂರು ದಿನ ಸಾಕು, ಮಣ್ಣು ಒಣಗೋಕೆ ಒಂದು ವಾರ. ನೋಡಬೇಕು ಅನ್ನೋರು ಬೆಳಿಗ್ಗೆ ಆರು ಗಂಟೆ ಒಳಗೆ ನಮ್ಮ ಮನೆಗೆ ಬನ್ನಿ, ಆಗ ಒಲೆ ಉರೀತಿರುತ್ತೆ. ಬರುವಾಗ ಮನೆಯಲ್ಲಿ ಒಲೆ ಹಾಕೋರನ್ನೂ ಕರ್ಕೊಂಡು ಬನ್ನಿ, ಬಾಯಿಯ ಎತ್ತರ ಅವರಿಗೆ ಸರಿಹೋಗಬೇಕು. ಹಂಡೆಯ ಹೊಟ್ಟೆಯ ಸುತ್ತಳತೆಯನ್ನ ದಾರದಲ್ಲಿ ಅಳೆದು ತಂದ್ರೆ ಜಾಲರಿ, ಗುಂಡಿ ಎರಡರ ಅಳತೆಯನ್ನೂ ಅಲ್ಲೇ ಬರೆದು ಕೊಡ್ತೇನೆ.